ಕಸವೆಂದು ಕಲಿಸಿದ ಪಾಠ

ಮೇಷ್ಟರ ಕೆಲಸದಲ್ಲಿ ಒಂದು ದೊಡ್ಡ ಅನುಕೂಲವಿದೆ. ತಪ್ಪು ಲೆಕ್ಕ ಬರೆದ ಗುಮಾಸ್ತನನ್ನು ತನಿಖೆಯವರು ಹಿಡಿಯುತ್ತಾರೆ. ತಪ್ಪು ಔಷಧ ಕೊಟ್ಟ ವೈದ್ಯನನ್ನು ರೋಗಿಯ ಕಡೆಯವರು ಹಿಡಿಯುತ್ತಾರೆ. ತಪ್ಪು ಪಾಠ ಹೇಳಿದ ಮೇಷ್ಟರನ್ನು ಹಿಡಿಯುವವರು ಯಾರೂ ಇಲ್ಲ. ಅವರು ಹೇಳಿದ ತಪ್ಪನ್ನೇ ಹುಡುಗರು ಪರೀಕ್ಷೆಯಲ್ಲಿ ಬರೆಯುತ್ತಾರೆ. ಬರೆದದ್ದಕ್ಕೆ ಅವರೇ ಅಂಕಗಳನ್ನು ಕೊಡುತ್ತಾರೆ. ಅಲ್ಲಿಗೆ ವ್ಯವಹಾರ ಮುಗಿಯಿತು. ನಾನು 34 ವರ್ಷಕಾಲ ಪ್ರಾಣಿಶಾಸ್ತ್ರದ ಪಾಠ ಹೇಳಿ 2012ರಲ್ಲಿ ನಿವೃತ್ತನಾದೆ. ಅಷ್ಟು ವರ್ಷಗಳಲ್ಲಿ ಯಾರ ಕೈಗೂ ಸಿಕ್ಕಿಬಿದ್ದಿರಲಿಲ್ಲ. ಕೊನೆಗೆ ಸಿಕ್ಕಿಬಿದ್ದದ್ದು 2024ರ ದಸರೆಯಲ್ಲಿ. ಹಿಡಿದವಳು ನನ್ನ ಮೊಮ್ಮಗಳು.

ಆಗ ನನ್ನ ಎಡಗಣ್ಣಿನ ಪೊರೆ ತೆಗೆದು ವಾರವಾಗಿತ್ತು. ಓದಬಾರದೆಂದು ವೈದ್ಯರು ಒಂದು ಸಲ ಹೇಳಿದ್ದರು. ನಮ್ಮಾಕೆ ಅದನ್ನು ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು. ರಜೆಗೆ ಬಂದಿದ್ದ ಮೊಮ್ಮಗಳಿಗೆ, ಅವಳು ಎಂಟನೆಯ ತರಗತಿಯವಳು, ಎರಡು ಕೆಲಸಗಳು ಗೊತ್ತಾಗಿದ್ದುವು. ಅಜ್ಜಿಗೆ ಬೊಂಬೆ ಜೋಡಿಸಿಕೊಡುವುದೊಂದು. ತಾತನಿಗೆ ಪತ್ರಿಕೆ ಓದಿ ಹೇಳುವುದೊಂದು. ಅಕ್ಟೋಬರ್ 8ರ ಬೆಳಿಗ್ಗೆ ಅವಳು ಪಟ್ಟದ ಬೊಂಬೆಗಳ ಮುಂದೆ ಕುಳಿತು ಪತ್ರಿಕೆ ಬಿಡಿಸಿದವಳೇ, "ತಾತಾ, ಒಂದು ಹುಳುವಿನಿಂದ ನೊಬೆಲ್ ಬಹುಮಾನ ಬಂದಿದೆಯಂತೆ!" ಎಂದಳು.

ವಿಷಯ ಇಷ್ಟು. ಅಮೆರಿಕದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್ಕುನ್ ಎಂಬ ಇಬ್ಬರು ವಿಜ್ಞಾನಿಗಳಿಗೆ ಆ ವರ್ಷದ ವೈದ್ಯಶಾಸ್ತ್ರದ ಬಹುಮಾನ ಬಂದಿತ್ತು. ಅವರು ಕಂಡುಹಿಡಿದದ್ದು ಆರ್.ಎನ್.ಎ. ಎಂಬ ವಸ್ತುವಿನ ಅತಿ ಸಣ್ಣದೊಂದು ಚೂರನ್ನು. ಅದರಿಂದ ಪ್ರೋಟೀನು ಹುಟ್ಟುವುದಿಲ್ಲ. ಆದರೆ ಯಾವ ಪ್ರೋಟೀನು ಎಷ್ಟು ಹುಟ್ಟಬೇಕೆಂಬುದರಲ್ಲಿ ಅದರ ಕೈವಾಡವಿದೆ. ಅದನ್ನು ಕೊಟ್ಟದ್ದು ಒಂದು ಮಿಲಿಮೀಟರಿನಷ್ಟು ಉದ್ದದ, ಮಣ್ಣಿನಲ್ಲಿರುವ ಹುಳು.

ಸರಸ್ವತೀ ಪೂಜೆ ಹತ್ತಿರ ಬಂದಿತ್ತು. ಪೂಜೆಗಿಡಲು ಪುಸ್ತಕಗಳನ್ನು ಅಟ್ಟದಿಂದ ಇಳಿಸಿದಾಗ, ಅವುಗಳ ನಡುವೆ ನನ್ನ ಹಳೆಯ ಪಾಠದ ಟಿಪ್ಪಣಿ ಪುಸ್ತಕವೂ ಬಂದಿತ್ತು. ಒಮ್ಮೆ ಪೂಜೆಗಿಟ್ಟರೆ ವಿಜಯದಶಮಿಯವರೆಗೆ ಮುಟ್ಟುವಂತಿಲ್ಲವಾದ್ದರಿಂದ ಹುಡುಗಿ ಅದನ್ನು ಅಂದೇ ತಿರುವಿಹಾಕಿದಳು. ಒಂದು ಪುಟದ ಬಳಿ ನಿಂತು, "ತಾತಾ, ನೀವು ಇಲ್ಲಿ ಬೇರೆಯೇ ಬರೆದಿದ್ದೀರಲ್ಲ!" ಎಂದಳು.

1987ರ ಪುಟ. ನನ್ನದೇ ಅಕ್ಷರ. ಮನುಷ್ಯನಲ್ಲಿ ಸುಮಾರು 1 ಲಕ್ಷ ವಂಶವಾಹಿಗಳಿವೆ. ಪ್ರೋಟೀನಿಗೆ ಸಂಕೇತವಾಗಿರುವ ಡಿ.ಎನ್.ಎ. ಸ್ವಲ್ಪ ಮಾತ್ರ, ಉಳಿದದ್ದು ಕಸ. 'ಕಸ' ಎಂಬ ಮಾತಿನ ಕೆಳಗೆ ಕೆಂಪು ಶಾಯಿಯಲ್ಲಿ ಎರಡು ಗೆರೆ.

ಆ ಎರಡು ಗೆರೆಗಳನ್ನು ನಾನು ಎಂದು ಎಳೆದೆನೆಂಬುದು ನನಗೆ ಚೆನ್ನಾಗಿ ನೆನಪಿತ್ತು. ಮೊಮ್ಮಗಳಿಗೆ ಅಂದು ಅದನ್ನು ಹೇಳಲಿಲ್ಲ. ಈಗ ಓದುಗರಿಗೆ ಹೇಳುತ್ತಿದ್ದೇನೆ.

ಬಯಲುಸೀಮೆಯ ಒಂದು ಊರಿನ ಕಾಲೇಜು. ಬಿ.ಎಸ್ಸಿ. ಕೊನೆಯ ವರ್ಷದ ತರಗತಿ. ಮೂರನೆಯ ಬೆಂಚಿನಲ್ಲಿ ಒಬ್ಬ ಹುಡುಗ ಕೂರುತ್ತಿದ್ದ. ಹಳ್ಳಿಯಿಂದ ಸೈಕಲ್ಲಿನಲ್ಲಿ ಬರುವವನು, ಮಾತು ಕಡಿಮೆ. ಆ ದಿನ ನಾನು 'ಉಳಿದದ್ದು ಕಸ' ಎಂದೊಡನೆ ಅವನು ಎದ್ದು ನಿಂತ.

"ಸಾರ್, ಕಸವಾದರೆ ಜೀವಕೋಶ ಅದನ್ನು ಯಾಕೆ ಇಟ್ಟುಕೊಳ್ಳುತ್ತದೆ? ಒಂದು ಕೋಶ ಎರಡಾಗುವಾಗ ಅದೆಲ್ಲವನ್ನೂ ಒಂದಕ್ಷರ ಬಿಡದೆ ನಕಲು ಮಾಡಿಕೊಳ್ಳುತ್ತದೆ ಎಂದು ಹೋದ ವಾರ ಹೇಳಿದಿರಿ. ನಮ್ಮಜ್ಜಿಯಾದರೆ ಕಸವನ್ನು ದಿನ ಬೆಳಗ್ಗೆ ತಿಪ್ಪೆಗೆ ಹಾಕಿಬಿಡುತ್ತಾರೆ."

ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರವಿಲ್ಲದ ಮೇಷ್ಟರಿಗೆ ಮಾತು ಬೇಗ ಒದಗಿಬರುತ್ತದೆ. "ಹಾಗಾದರೆ ನಾಳೆ ನಿಮ್ಮಜ್ಜಿಯನ್ನೇ ಕರೆದುಕೊಂಡು ಬಾರಪ್ಪ, ಪಾಠವನ್ನು ಅವರೇ ಹೇಳಲಿ" ಎಂದೆ. ತರಗತಿಗೆ ತರಗತಿಯೇ ನಕ್ಕಿತು. ನಾನೂ ನಕ್ಕೆ. ಹುಡುಗ ಕುಳಿತುಕೊಂಡ. ಆ ವರ್ಷದಲ್ಲಿ ಅವನು ಮತ್ತೊಂದು ಪ್ರಶ್ನೆ ಕೇಳಲಿಲ್ಲ. ಮನೆಗೆ ಬಂದು ಟಿಪ್ಪಣಿ ಪುಸ್ತಕ ತೆರೆದು ಆ ಮಾತಿನ ಕೆಳಗೆ ಎರಡು ಕೆಂಪು ಗೆರೆ ಎಳೆದೆ. ಯಾರ ಬಾಯಿ ಮುಚ್ಚಿಸಲೆಂದು ಎಳೆದೆನೋ ದೇವರೇ ಬಲ್ಲ.

ನನ್ನ ಪರವಾಗಿ ಒಂದು ಮಾತು ಹೇಳಬೇಕು. 'ಕಸ' ಎಂಬುದು ನಾನು ಕಟ್ಟಿದ ಮಾತಲ್ಲ. 1972ರಲ್ಲಿ ಸುಸುಮು ಓನೋ ಎಂಬ ವಿಜ್ಞಾನಿ ಬಳಸಿ, ಅದು ಎಲ್ಲೆಡೆ ಹರಡಿತ್ತು. ನಮ್ಮ ಡಿ.ಎನ್.ಎ. ಸುಮಾರು 300 ಕೋಟಿ ಅಕ್ಷರಗಳ ಬರಹ. ಅದರಲ್ಲಿ ಪ್ರೋಟೀನಿಗೆ ಸಂಕೇತವಾಗಿರುವುದು ನೂರಕ್ಕೆ ಎರಡು ಪಾಲೂ ಇಲ್ಲ. ನಾನು ಲಕ್ಷವೆಂದು ಬರೆಸಿದ್ದ ಪ್ರೋಟೀನಿನ ವಂಶವಾಹಿಗಳು ಎಣಿಸಿದಾಗ ಸುಮಾರು 20,000 ಮಾತ್ರ ಆದುವು. ಮನೆಗೆ 98 ಕೋಣೆಗಳು ಬೀಗ ಹಾಕಿ ಬಿದ್ದಿದ್ದು, ಎರಡರಲ್ಲಿ ಮಾತ್ರ ಸಂಸಾರ ನಡೆಯುತ್ತಿದ್ದರೆ ಉಳಿದವನ್ನು ಉಗ್ರಾಣವೆಂದೋ ಹಾಳುಕೊಂಪೆಯೆಂದೋ ತಿಳಿಯುವುದು ಸಹಜ. ಆದರೆ ಬೀಗ ತೆಗೆದು ನೋಡೋಣವೆಂದವನನ್ನು ನಕ್ಕು ಕೂರಿಸುವುದು ಸಹಜವಲ್ಲ.

ಆ ದಸರೆಯ ಸಂಜೆಗಳಲ್ಲಿ ಮೊಮ್ಮಗಳು ಓದಿದಳು, ನಾನು ಕೇಳಿದೆ. ವಿಜಯದಶಮಿ ಕಳೆದು ಕನ್ನಡಕ ಬಂದ ಮೇಲೆ ನಾನೇ ಓದಿದೆ. 37 ವರ್ಷಗಳ ಹಿಂದಿನ ಪ್ರಶ್ನೆಗೆ ಉತ್ತರ ಹುಡುಕುತ್ತ ಹೊರಟವನಿಗೆ ಕಂಡದ್ದು ಹೀಗೆ.

ಸಬ್‌ರಿಜಿಸ್ಟ್ರಾರರ ಕಚೇರಿಗೆ ಹೋದವರಿಗೆಲ್ಲ ಗೊತ್ತಿದೆ: ಮೂಲ ದಾಖಲೆ ಅಲ್ಲಿಂದ ಹೊರಗೆ ಬರುವುದಿಲ್ಲ. ಬೇಕಾದವರು ನಕಲು ಪಡೆದು ಅದರ ಮೇಲೆ ವ್ಯವಹಾರ ನಡೆಸಬೇಕು. ಜೀವಕೋಶದಲ್ಲಿಯೂ ಹಾಗೆಯೇ. ಡಿ.ಎನ್.ಎ. ಎಂಬ ಮೂಲ ದಾಖಲೆ ಕೋಶದ ನಡುವಿನ ಕೇಂದ್ರದಲ್ಲಿ ಭದ್ರವಾಗಿರುತ್ತದೆ. ಒಂದು ವಂಶವಾಹಿ ಬೇಕಾದಾಗ ಅಷ್ಟು ಭಾಗದ ನಕಲು ಮಾತ್ರ ಹೊರಡುತ್ತದೆ. ಆ ನಕಲೇ ಆರ್.ಎನ್.ಎ. ಹೊರಗಿರುವ ಕಾರ್ಖಾನೆ ಆ ನಕಲನ್ನು ಓದಿಕೊಂಡು ಪ್ರೋಟೀನನ್ನು ಕಟ್ಟುತ್ತದೆ. ಇಷ್ಟನ್ನು ನಾನು ಸರಿಯಾಗಿಯೇ ಕಲಿಸಿದ್ದೆ.

ಆದರೆ ಇಲ್ಲೊಂದು ತೊಡಕಿದೆ. ಕಣ್ಣಿನ ಕೋಶದಲ್ಲಿಯೂ ಯಕೃತ್ತಿನ ಕೋಶದಲ್ಲಿಯೂ ಇರುವುದು ಒಂದೇ ದಾಖಲೆ. ಹಾಗಿದ್ದೂ ಕಣ್ಣು ಪಿತ್ತರಸ ಮಾಡುವುದಿಲ್ಲ. ಯಕೃತ್ತಿಗೆ ಬೆಳಕು ಕಾಣುವುದಿಲ್ಲ. ಅಂದಮೇಲೆ ಏನು ಮಾಡಬೇಕೆಂಬುದರಷ್ಟೇ ಏನು ಮಾಡಬಾರದು, ಎಷ್ಟಕ್ಕೆ ನಿಲ್ಲಿಸಬೇಕು ಎಂಬುದೂ ಮುಖ್ಯವಾಯಿತು. ಈ ಮಾತನ್ನು ಹೇಳಿದಾಗ ನಮ್ಮಾಕೆ ಒಳಗಿನಿಂದಲೇ, "ಸಾರಿಗೆ ಉಪ್ಪು ಹಾಕುವುದು ಯಾರಿಗಾದರೂ ಬರುತ್ತದೆ. ಸಾಕು ಎನ್ನುವುದು ಬಂದರೇನೇ ಅಡುಗೆ" ಎಂದಳು. ನನ್ನ ಪ್ರಾಣಿಶಾಸ್ತ್ರಕ್ಕಿಂತ ಅವಳ ಪಾಕಶಾಸ್ತ್ರ ಮುಂದಿದೆಯೆಂದು ಒಪ್ಪಿಕೊಂಡೆ.

ಜೀವಕೋಶದಲ್ಲಿ 'ಸಾಕು' ಎನ್ನುವವರು ಯಾರು? ಕೆಲವು ಪ್ರೋಟೀನುಗಳು ಡಿ.ಎನ್.ಎ. ಮೇಲೆ ಕುಳಿತು ಆ ಕೆಲಸ ಮಾಡುತ್ತವೆಂಬುದು 1960ರ ದಶಕದಿಂದ ತಿಳಿದಿತ್ತು. ಬೇರೆಯವರೂ ಇದ್ದಾರೆಂಬುದನ್ನು ತೋರಿಸಿದ್ದು ಆ ಹುಳು.

ಅದರ ಮೈ ಗಾಜಿನಂತೆ ಪಾರದರ್ಶಕ. ಬೆಳೆದ ಹುಳುವಿನ ದೇಹದಲ್ಲಿರುವುದು 959 ಕೋಶಗಳು. ಒಂದೊಂದೂ ಎಲ್ಲಿಂದ ಬಂದಿತೆಂಬ ವಂಶಾವಳಿಯನ್ನು ವಿಜ್ಞಾನಿಗಳು ಬರೆದಿಟ್ಟಿದ್ದಾರೆ. ಲಿನ್-4 ಎಂಬ ವಂಶವಾಹಿ ಕೆಟ್ಟ ಹುಳುಗಳಿಗೆ ಒಂದು ವಿಚಿತ್ರ ದೋಷವಿತ್ತು. ಅವು ಬಾಲ್ಯವನ್ನು ಬಿಟ್ಟು ಮುಂದಕ್ಕೆ ಹೋಗುತ್ತಿರಲಿಲ್ಲ. ಮೈ ದೊಡ್ಡದಾದರೂ ಮರಿಯಾಗಿದ್ದಾಗ ಮಾಡುತ್ತಿದ್ದುದನ್ನೇ ಮತ್ತೆ ಮತ್ತೆ ಮಾಡುತ್ತಿದ್ದುವು. ಮೊಟ್ಟೆಯಿಡುವ ಅಂಗವೇ ಬೆಳೆಯುತ್ತಿರಲಿಲ್ಲ. ಲಿನ್-14 ಎಂಬ ಇನ್ನೊಂದು ವಂಶವಾಹಿ ಕೆಟ್ಟಾಗ ತದ್ವಿರುದ್ಧ: ಹುಳುಗಳು ಬಾಲ್ಯವನ್ನು ಹಾರಿ ಮುಂದಿನ ಹಂತಕ್ಕೆ ಹೋಗುತ್ತಿದ್ದುವು. ಮೊದಲನೆಯದು ಎರಡನೆಯದನ್ನು ಅಡಗಿಸುತ್ತದೆ ಎಂದು ಆಂಬ್ರೋಸ್ ತೋರಿಸಿದರು. ಹೇಗೆ ಅಡಗಿಸುತ್ತದೆ ಎಂಬುದು ಮಾತ್ರ ತಿಳಿಯದು.

ಆಂಬ್ರೋಸ್ ತಮ್ಮ ಪ್ರಯೋಗಶಾಲೆಯಲ್ಲಿ ಲಿನ್-4ನ್ನು ಹುಡುಕುತ್ತ ಹೋದರು. ಪ್ರೋಟೀನು ಸಿಗಬಹುದೆಂದು ಹುಡುಕಿದವರಿಗೆ ಸಿಕ್ಕಿದ್ದು ಬರಿಯ 22 ಅಕ್ಷರಗಳ ಆರ್.ಎನ್.ಎ. ಚೂರು. ಬಾಸ್ಟನ್ನಿನ ಇನ್ನೊಂದು ಪ್ರಯೋಗಶಾಲೆಯಲ್ಲಿ ರುವ್ಕುನ್ ಅವರು ಲಿನ್-14ರ ನಕಲನ್ನು ಪರೀಕ್ಷಿಸಿದರು. ನಕಲು ಹೊರಡುವುದೇನೋ ಹೊರಡುತ್ತಿತ್ತು. ಅದರಿಂದ ಪ್ರೋಟೀನಾಗುವುದು ಮಾತ್ರ ನಿಂತುಹೋಗುತ್ತಿತ್ತು. ನಕಲಿನ ಬಾಲದಲ್ಲಿದ್ದ ಒಂದು ಭಾಗ ಇದಕ್ಕೆ ಅವಶ್ಯವಾಗಿತ್ತು. 1992ರಲ್ಲಿ ಇಬ್ಬರೂ ತಮ್ಮ ತಮ್ಮ ಅಕ್ಷರಗಳನ್ನು ಹೋಲಿಸಿ ನೋಡಿದರು. ಆರ್.ಎನ್.ಎ.ಯಲ್ಲಿ 'ಎ'ಗೆ 'ಯು' ಜೊತೆ, 'ಜಿ'ಗೆ 'ಸಿ' ಜೊತೆ. ಇವರ ಚೂರಿಗೂ ಅವರ ಬಾಲಕ್ಕೂ ಜೋಡಿ ಕೂಡಿತು! ಚೂರು ಹೋಗಿ ನಕಲಿಗೆ ಅಂಟಿಕೊಳ್ಳುತ್ತದೆ. ಅಂಟಿಕೊಂಡರೆ ಕಾರ್ಖಾನೆ ಅದನ್ನು ಓದುವುದಿಲ್ಲ. ದಾಖಲೆ ಸರಿಯಾಗಿದೆ, ನಕಲೂ ಸರಿಯಾಗಿದೆ, ಆದರೆ ಅದರ ಮೇಲೆ ತಡೆಯಾಜ್ಞೆಯ ಚೀಟಿ ಬಿದ್ದಿದೆ.

1993ರಲ್ಲಿ ಇಬ್ಬರೂ ಇದನ್ನು ಪ್ರಕಟಿಸಿದರು. ಹೆಚ್ಚಿನ ಸದ್ದೇನೂ ಆಗಲಿಲ್ಲ. ಯಾವುದೋ ಹುಳುವಿನ ಯಾವುದೋ ವೈಚಿತ್ರ್ಯವೆಂದು ಲೋಕ ತನ್ನ ಪಾಡಿಗೆ ತಾನಿತ್ತು. ಏಳು ವರ್ಷಗಳಾದ ಮೇಲೆ, 2000ದಲ್ಲಿ, ರುವ್ಕುನ್ ಅವರ ಗುಂಪು ಲೆಟ್-7 ಎಂಬ ಮತ್ತೊಂದು ಚೂರನ್ನು ಪ್ರಕಟಿಸಿತು. ಅದು ಹುಳುವಿನಲ್ಲಿ ಮಾತ್ರವಲ್ಲ, ನೊಣದಲ್ಲಿತ್ತು, ಮೀನಿನಲ್ಲಿತ್ತು, ಮನುಷ್ಯನಲ್ಲಿಯೂ ಇತ್ತು. 50 ಕೋಟಿ ವರ್ಷಗಳ ಹಿಂದಿನಿಂದ ಬದಲಾಗದೆ ಉಳಿದುಬಂದ ಚೀಟಿ! ಅಲ್ಲಿಂದ ಮುಂದೆ ಎಲ್ಲರೂ ಹುಡುಕತೊಡಗಿದರು. ಈಗ ಮನುಷ್ಯನಲ್ಲೇ ಇಂಥ ಮೈಕ್ರೋ ಆರ್.ಎನ್.ಎ.ಗಳಿಗೆ ಸಾವಿರಕ್ಕೂ ಹೆಚ್ಚು ವಂಶವಾಹಿಗಳಿವೆಯೆಂದು ತಿಳಿದಿದೆ. ಒಂದು ಚೀಟಿ ಹಲವು ನಕಲುಗಳನ್ನು ತಡೆಯಬಲ್ಲದು. ಒಂದು ನಕಲಿಗೆ ಹಲವು ಚೀಟಿಗಳು ಬೀಳಬಲ್ಲವು.

ಇಷ್ಟಾಗುವ ಹೊತ್ತಿಗೆ ಮೊಮ್ಮಗಳಿಗೆ ಹುಳುವಿನ ಮೇಲೆ ಬೇಸರ ಬಂದಿತ್ತು. "ಕಣ್ಣಿಗೆ ಕಾಣುವಂಥದು ಯಾವುದೂ ಇಲ್ಲವೆ ತಾತಾ?" ಎಂದಳು. ಆಗ ನಮ್ಮ ಕಾಂಪೌಂಡಿನ ಗೋಡೆಯ ಮೇಲೆ ಪಕ್ಕದ ಮನೆಯ ಬೆಕ್ಕು ಮಲಗಿತ್ತು. ಬಿಳಿಯ ಮೈ, ಅದರ ಮೇಲೆ ಅಲ್ಲಲ್ಲಿ ಕಪ್ಪು ಮಚ್ಚೆ, ಅಲ್ಲಲ್ಲಿ ಕೆಂಚು ಮಚ್ಚೆ. "ಅಗೋ ನೋಡು, ಅದು ಹೆಣ್ಣು" ಎಂದೆ. ಹತ್ತಿರ ಹೋಗದೆ ಹೇಗೆ ಹೇಳಿದಿರೆಂದು ಅವಳು ಬೆರಗಾದಳು.

ಅದರ ಗುಟ್ಟು ಹೀಗಿದೆ. ಹೆಣ್ಣಿಗೆ ಎಕ್ಸ್ ವರ್ಣತಂತುಗಳು ಎರಡು, ಗಂಡಿಗೆ ಒಂದು. ಎರಡೂ ಕೆಲಸ ಮಾಡಿದರೆ ಹೆಣ್ಣಿನ ಕೋಶದಲ್ಲಿ ಎಲ್ಲವೂ ಇಮ್ಮಡಿಯಾದೀತು. ಆದಕಾರಣ ಭ್ರೂಣವು ಎಳೆಯದಾಗಿರುವಾಗಲೇ ಒಂದೊಂದು ಕೋಶವೂ ತನ್ನ ಎರಡು ಎಕ್ಸ್‌ಗಳಲ್ಲಿ ಒಂದನ್ನು ಮೌನವಾಗಿಸುತ್ತದೆ. ಇದನ್ನು 1961ರಲ್ಲಿ ಮೇರಿ ಲಯನ್ ಎಂಬ ಆಂಗ್ಲ ವಿಜ್ಞಾನಿ ಸೂಚಿಸಿದರು. ಬೆಕ್ಕಿನಲ್ಲಿ ಕೆಂಚು ಬಣ್ಣವನ್ನು ನಿರ್ಧರಿಸುವ ವಂಶವಾಹಿ ಇರುವುದು ಎಕ್ಸ್ ಮೇಲೆಯೇ. ಕೆಂಚಿನ ಎಕ್ಸ್ ಮಲಗಿದ ಕೋಶದ ಸಂತತಿಯೆಲ್ಲ ಕಪ್ಪು ಮಚ್ಚೆ. ಕಪ್ಪಿನ ಎಕ್ಸ್ ಮಲಗಿದ ಕೋಶದ ಸಂತತಿಯೆಲ್ಲ ಕೆಂಚು ಮಚ್ಚೆ. ಬಿಳುಪಿಗೆ ಕಾರಣ ಬೇರೆ. ಒಂದೇ ಎಕ್ಸ್ ಇರುವ ಗಂಡುಬೆಕ್ಕಿಗೆ ಈ ಎರಡು ಬಣ್ಣ ಒಟ್ಟಿಗೆ ಬರುವುದು ತೀರ ಅಪರೂಪ.

ಆ ಮೌನವನ್ನು ತರುವವರು ಯಾರು? 1991ರಲ್ಲಿ ಉತ್ತರ ದೊರಕಿತು. ಎಕ್ಸಿಸ್ಟ್ ಎಂಬ ಹೆಸರಿನ ಆರ್.ಎನ್.ಎ. ಇದು ಚೂರಲ್ಲ, ಸುಮಾರು 17,000 ಅಕ್ಷರಗಳ ಉದ್ದದ ಎಳೆ. ಆದರೂ ಇದರಲ್ಲಿ ಪ್ರೋಟೀನಿನ ಸಂಕೇತವಿಲ್ಲ. ಯಾವ ಎಕ್ಸಿನಿಂದ ಹುಟ್ಟುತ್ತದೆಯೋ ಅದರ ಮೈಮೇಲೆಯೇ ಹರಡಿಕೊಳ್ಳುತ್ತದೆ. ಮೌನ ಮಾಡಿಸುವ ಪ್ರೋಟೀನುಗಳನ್ನು ಅಲ್ಲಿಗೆ ಬರಮಾಡಿಕೊಳ್ಳುತ್ತದೆ. ಕಂಬಳಿ ಹೊದಿಸಿ ಮಗುವನ್ನು ಮಲಗಿಸಿದಂತೆ ಇಡೀ ವರ್ಣತಂತುವನ್ನು ಮಲಗಿಸಿಬಿಡುತ್ತದೆ. "ನಿನ್ನ ಮೈಯಲ್ಲಿಯೂ ಹೀಗೆಯೇ ಆಗಿದೆ" ಎಂದೆ. ಹುಡುಗಿ ತನ್ನ ಅಂಗೈಯನ್ನು ತಿರುಗಿಸಿ ನೋಡಿಕೊಂಡಳು.

ಮಹಡಿಯ ಮೇಲೆ ನಮ್ಮಾಕೆಯ ಪೆಟೂನಿಯಾ ಕುಂಡಗಳಿವೆ. ಅವುಗಳಿಗೂ ಈ ಕಥೆಯಲ್ಲಿ ಪಾತ್ರವುಂಟು. ಕ್ಯಾಲಿಫೋರ್ನಿಯಾದಲ್ಲಿ ರಿಚರ್ಡ್ ಜಾರ್ಗೆನ್ಸನ್ ಮತ್ತು ಅವರ ಸಂಗಡಿಗರು ನೇರಳೆ ಪೆಟೂನಿಯಾದ ಬಣ್ಣವನ್ನು ಇನ್ನೂ ಗಾಢವಾಗಿಸಬೇಕೆಂದು ಆ ಬಣ್ಣದ ವಂಶವಾಹಿಯ ಮತ್ತೊಂದು ಪ್ರತಿಯನ್ನು ಗಿಡಕ್ಕೆ ಸೇರಿಸಿದರು. ಅರಳಿದ್ದೇನು? ಕೆಲವು ಬಿಳಿಯ ಹೂಗಳು, ಕೆಲವು ಬಿಳಿ-ನೇರಳೆ ಪಟ್ಟೆಯ ಹೂಗಳು! ಸೇರಿಸಿದ ವಂಶವಾಹಿಯೂ ಸುಮ್ಮನಾಗಿತ್ತು, ಮೊದಲಿದ್ದುದೂ ಸುಮ್ಮನಾಗಿತ್ತು. ಇದನ್ನು ಅವರು 1990ರಲ್ಲಿ ಪ್ರಕಟಿಸಿದರು. ಕಾರಣ ತಿಳಿಯಲು 1998 ಬರಬೇಕಾಯಿತು. ಆ ವರ್ಷ ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲ್ಲೋ ಅವರು ಅದೇ ಹುಳುವಿನಲ್ಲಿ, ಎರಡೆಳೆಯ ಆರ್.ಎನ್.ಎ.ಯನ್ನು ಒಳಗೆ ಬಿಟ್ಟರೆ ಅದಕ್ಕೆ ಸರಿಹೊಂದುವ ವಂಶವಾಹಿ ಮೌನವಾಗುತ್ತದೆಂದು ತೋರಿಸಿದರು. ಕೋಶವು ಎರಡೆಳೆಯನ್ನು ಕಂಡೊಡನೆ ಅದನ್ನು ಸಣ್ಣ ಸಣ್ಣ ಚೂರುಗಳಾಗಿ ಕತ್ತರಿಸುತ್ತದೆ. ಆ ಚೂರುಗಳನ್ನು ಗುರುತಾಗಿಟ್ಟುಕೊಂಡು, ಅವುಗಳಿಗೆ ಜೋಡಿಯಾಗುವ ನಕಲುಗಳನ್ನೆಲ್ಲ ಹುಡುಕಿ ನಾಶಮಾಡುತ್ತದೆ. ಗಿಡಗಳು ವೈರಸ್ಸುಗಳಿಂದ ತಮ್ಮನ್ನು ಕಾಪಾಡಿಕೊಳ್ಳುವುದೂ ಹೀಗೆಯೇ. ಫೈರ್ ಮತ್ತು ಮೆಲ್ಲೋ ಅವರಿಗೆ 2006ರಲ್ಲಿ ನೊಬೆಲ್ ಬಂದಿತು.

ಬೆಕ್ಕಿನ ಬಣ್ಣ, ಹೂವಿನ ಪಟ್ಟೆ ಇವು ನೋಡುವುದಕ್ಕೆ ಚೆಂದವೇ. ಆದರೆ 'ಕಸ' ಎಂಬ ಮಾತು ಎಷ್ಟು ದುಬಾರಿಯಾಗಬಹುದೆಂಬುದು ನನಗೆ ಅರ್ಥವಾದುದು ರಕ್ತದ ಒಂದು ಕ್ಯಾನ್ಸರಿನ ವಿಷಯ ಓದಿದಾಗ. ವಯಸ್ಸಾದವರಿಗೆ ಬರುವ ಒಂದು ಬಗೆಯ ಲ್ಯುಕೀಮಿಯಾ ಅದು. ಅರ್ಧಕ್ಕೂ ಹೆಚ್ಚು ರೋಗಿಗಳಲ್ಲಿ 13ನೆಯ ವರ್ಣತಂತುವಿನ ಒಂದೇ ಜಾಗದ ಚೂರು ಕಳೆದುಹೋಗಿರುತ್ತದೆ. ಅಲ್ಲಿ ರೋಗವನ್ನು ತಡೆಯುವ ವಂಶವಾಹಿಯೊಂದು ಇದ್ದಿರಬೇಕೆಂದು ವಿಜ್ಞಾನಿಗಳು ವರ್ಷಗಟ್ಟಲೆ ಹುಡುಕಿದರು. ಪ್ರೋಟೀನಿನ ವಂಶವಾಹಿಗಳಲ್ಲಿ ಅಪರಾಧಿ ಸಿಗಲಿಲ್ಲ. 2002ರಲ್ಲಿ ಕಾರ್ಲೊ ಕ್ರೋಚೆ ಅವರ ಗುಂಪಿನವರು ಅಲ್ಲಿ ಎರಡು ಮೈಕ್ರೋ ಆರ್.ಎನ್.ಎ.ಗಳನ್ನು ಕಂಡರು. ಕೋಶಗಳಿಗೆ 'ಸಾಕು, ಇನ್ನು ಬೆಳೆಯಬೇಡ' ಎನ್ನುವವರ ಗುಂಪಿಗೆ ಸೇರಿದವು ಅವು. ಎಲ್ಲರೂ ಮನೆಯ ಯಜಮಾನನನ್ನು ಹುಡುಕುತ್ತಿದ್ದರು, ಕಾಣೆಯಾದವನು ಕಾವಲುಗಾರ.

ಅರಿವು ಬಂದಮೇಲೆ ಔಷಧವೂ ಬಂದಿತು. ಯಕೃತ್ತು ತಯಾರಿಸುವ ಒಂದು ಪ್ರೋಟೀನು ಕೆಟ್ಟು, ನರಗಳಲ್ಲಿ ಶೇಖರವಾಗಿ, ನಡೆಯುವ ಶಕ್ತಿಯನ್ನೇ ಕಳೆಯುವ ವಂಶಪಾರಂಪರ್ಯ ರೋಗವೊಂದಿದೆ. ಆ ಪ್ರೋಟೀನಿನ ನಕಲನ್ನು ನಾಶಮಾಡುವ ಚೂರು ಆರ್.ಎನ್.ಎ.ಯನ್ನು ಔಷಧವನ್ನಾಗಿ ಬಳಸಲು 2018ರಲ್ಲಿ ಅನುಮತಿ ದೊರೆಯಿತು. ಈ ಜಾತಿಯ ಮೊದಲ ಔಷಧ ಅದು. ರಕ್ತದ ಕೊಲೆಸ್ಟರಾಲನ್ನು ತಗ್ಗಿಸುವ ಇಂಥದೇ ಔಷಧಕ್ಕೆ 2020ರಲ್ಲಿ ಯೂರೋಪಿನಲ್ಲಿಯೂ 2021ರಲ್ಲಿ ಅಮೆರಿಕದಲ್ಲಿಯೂ ಅನುಮತಿಯಾಯಿತು. ಮೊದಲೆರಡು ಚುಚ್ಚುಮದ್ದುಗಳಾದ ಮೇಲೆ ಆರು ತಿಂಗಳಿಗೊಂದು ಸಾಕು.

ಹಾಗಾದರೆ ಆ 98 ಪಾಲೂ ನಿಧಿಯೇ? ಒಂದು ತಪ್ಪನ್ನು ತಿದ್ದಲು ಹೋಗಿ ಇನ್ನೊಂದನ್ನು ಮಾಡಬಾರದು. ನಮ್ಮ ಅಡುಗೆಮನೆಯ ಈರುಳ್ಳಿಗೆ ನಮಗಿಂತ ಸುಮಾರು ಐದು ಪಟ್ಟು ಡಿ.ಎನ್.ಎ. ಇದೆ. ಅದು ನಮಗಿಂತ ಐದು ಪಟ್ಟು ಜಾಣನೆಂದು, ಹೆಚ್ಚುವಾಗ ಕಣ್ಣೀರು ಹಾಕುವವರೂ ಒಪ್ಪಲಾರರು. ಬಹುಭಾಗ ಹಳೆಯ ವೈರಸ್ಸುಗಳ ಅವಶೇಷ, ಸುಮ್ಮನೆ ಮರುಕಳಿಸಿದ ಬರಹ ಎಂದು ಹೇಳುವ ವಿಜ್ಞಾನಿಗಳು ಇಂದಿಗೂ ಹಲವರಿದ್ದಾರೆ. ವಾದ ಇನ್ನೂ ಮುಗಿದಿಲ್ಲ. ಅಂದಮೇಲೆ 1987ರಲ್ಲಿ ನಾನು ಹೇಳಿದ ಮಾತು ಪೂರ್ತಿ ಸುಳ್ಳೆಂದೇನೂ ಅಲ್ಲ. ನನ್ನ ತಪ್ಪು ಆ ಮಾತಿನಲ್ಲಿರಲಿಲ್ಲ. ಅದರ ಕೆಳಗಿನ ಎರಡು ಗೆರೆಗಳಲ್ಲಿತ್ತು.

ಆ ನವೆಂಬರಿನಲ್ಲಿ ಒಂದು ಮದುವೆಯ ನೆಪದಿಂದ ಅದೇ ಊರಿಗೆ ಹೋಗಬೇಕಾಯಿತು. ಹಳೆಯ ವಿದ್ಯಾರ್ಥಿಯೊಬ್ಬನನ್ನು ವಿಚಾರಿಸಿದೆ. ಮೂರನೆಯ ಬೆಂಚಿನ ಹುಡುಗ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿದ್ದಾನೆಂದು ತಿಳಿಯಿತು. ಊಟವಾದ ಮೇಲೆ ತಾಂಬೂಲದ ಚೀಲ ಹಿಡಿದು ಅಲ್ಲಿಗೆ ಹೋದೆ.

ತಲೆ ನರೆತಿತ್ತು, ಆದರೂ ಗುರುತು ಸಿಕ್ಕಿತು. ಅವನು ಎದ್ದು ಬಂದು ಕಾಲು ಮುಟ್ಟಿ ನಮಸ್ಕರಿಸಿದ. ತನ್ನ ಕುರ್ಚಿಯನ್ನು ನನಗೆ ಕೊಟ್ಟು ಮೂಟೆಯ ಮೇಲೆ ತಾನು ಕುಳಿತ. ಕಾಫಿ ಬಂದಿತು. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತುಗಳನ್ನೆಲ್ಲ ಮರೆತು, "ನೀನು ಅಂದು ಒಂದು ಪ್ರಶ್ನೆ ಕೇಳಿದ್ದೆಯಪ್ಪ, ಅದು ಸರಿಯಾದ ಪ್ರಶ್ನೆ" ಎಂದಷ್ಟೇ ಹೇಳಿದೆ.

"ನಾನು ಕೇಳಿದ್ದೆನೆ ಸಾರ್?" ಎಂದ. ಸ್ವಲ್ಪ ಹೊತ್ತು ಯೋಚಿಸಿ, "ಏನು ಕೇಳಿದೆನೋ ಜ್ಞಾಪಕವಿಲ್ಲ. ಎಲ್ಲರೂ ನಕ್ಕದ್ದು ಮಾತ್ರ ಜ್ಞಾಪಕವಿದೆ" ಎಂದ.

ಅವನ ದನಿಯಲ್ಲಿ ಕಹಿಯಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಆಮೇಲೆ ನಾನು ಪಾಠ ಹೇಳಿದೆ. ತಕ್ಕಡಿ, ಬೀಜದ ಡಬ್ಬಗಳ ನಡುವೆ ಹುಳುವಿನ ಕಥೆ, ಬೆಕ್ಕಿನ ಕಥೆ, ಹೂವಿನ ಕಥೆ ಎಲ್ಲವನ್ನೂ ಹೇಳಿದೆ. ಬಂದ ಗಿರಾಕಿಗಳನ್ನು ಹುಡುಗನೊಬ್ಬನಿಗೆ ಒಪ್ಪಿಸಿ ಅವನು ಕೇಳುತ್ತ ಕುಳಿತ. ಗಿಡ ವೈರಸ್ಸನ್ನು ಅಡಗಿಸುವ ಮಾತು ಬಂದಾಗ, "ನಮ್ಮ ಕಡೆ ಪಪ್ಪಾಯಿಗೆ ಉಂಗುರದ ಮಚ್ಚೆಯ ರೋಗ ಬಂದು ತೋಟಕ್ಕೆ ತೋಟವೇ ಹೋಗುತ್ತದೆ ಸಾರ್" ಎಂದ. ಹವಾಯಿ ದ್ವೀಪದಲ್ಲಿಯೂ ಅದೇ ರೋಗ ಬಂದು, ಅದೇ ವೈರಸ್ಸಿನ ಒಂದು ವಂಶವಾಹಿಯನ್ನು ಪಪ್ಪಾಯಿಗೆ ಸೇರಿಸಿ ಮಾಡಿದ ತಳಿಯ ಬೀಜವನ್ನು 1998ರಲ್ಲಿ ರೈತರಿಗೆ ಕೊಟ್ಟರೆಂದೂ, ಆ ಗಿಡವನ್ನು ಕಾಯುವುದು ಈ ಚೂರು ಆರ್.ಎನ್.ಎ.ಗಳೇ ಎಂದೂ ಹೇಳಿದೆ. ಅವನ ಕಣ್ಣುಗಳಲ್ಲಿ ಹಳೆಯ ಹುಡುಗ ಒಂದು ಗಳಿಗೆ ಇಣುಕಿದ.

ಹೊರಡುವ ಹೊತ್ತಿಗೆ ಬಾಗಿಲವರೆಗೆ ಬಂದವನು ತಡೆದು ತಡೆದು, "ಸಾರ್, ಒಂದು ಕೇಳಲೆ?" ಎಂದ.

"ಕೇಳು."

"ಈ ಚೂರುಗಳು ಉಳಿದವಕ್ಕೆ ಬೇಡ ಎನ್ನುತ್ತವೆ, ಸರಿ. ಇವುಗಳಿಗೆ ಬೇಡ ಎನ್ನುವವರು ಯಾರು?"

ಆ ದಿನದಂತೆಯೇ ನನ್ನಲ್ಲಿ ಉತ್ತರವಿರಲಿಲ್ಲ. ಆದರೆ ಈ ಸಲ ಮಾತು ಒದಗಿಬರಲಿಲ್ಲ. ಬಾರದೆ ಇದ್ದುದೇ ಒಳ್ಳೆಯದಾಯಿತು. "ನನಗೆ ಗೊತ್ತಿಲ್ಲಪ್ಪ. ಓದಿ ನೋಡಿ ಬರೆಯುತ್ತೇನೆ" ಎಂದೆ. ಮೇಷ್ಟರಾಗಿದ್ದ 34 ವರ್ಷಗಳಲ್ಲಿ ಆ ವಾಕ್ಯವನ್ನು ಎಷ್ಟು ಸಲ ಹೇಳಿದ್ದೆನೆಂದು ಬಸ್ಸಿನಲ್ಲಿ ಕುಳಿತು ಲೆಕ್ಕ ಹಾಕಿದೆ. ಬೆರಳು ಮಡಿಸಬೇಕಾಗಿ ಬರಲಿಲ್ಲ.

ಊರಿಗೆ ಬಂದು ಓದಿದೆ. ಹದಿನೈದು ದಿನಗಳಾದ ಮೇಲೆ ಕಾಗದ ಬರೆದೆ. ಲೆಟ್-7 ಎಂಬ ಆ ಪುರಾತನ ಚೂರನ್ನು ಎಳೆಯ ಕೋಶಗಳಲ್ಲಿ ಲಿನ್-28 ಎಂಬ ಪ್ರೋಟೀನು ಪಕ್ವವಾಗಲು ಬಿಡದೆ ತಡೆಹಿಡಿದಿರುತ್ತದೆ. ಕೋಶ ಬೆಳೆದಂತೆ ಲೆಟ್-7 ಹೆಚ್ಚಿ, ತನ್ನನ್ನು ತಡೆದಿದ್ದ ಲಿನ್-28ನ್ನೇ ಅಡಗಿಸುತ್ತದೆ. ಇದು ಏರಿದರೆ ಅದು ಇಳಿಯುತ್ತದೆ, ಅದು ಏರಿದರೆ ಇದು ಇಳಿಯುತ್ತದೆ. ನಿನ್ನ ಅಂಗಡಿಯ ತಕ್ಕಡಿಯಂತೆ ಎಂದು ಬರೆದೆ. ಕಾಗದದ ಕೊನೆಯಲ್ಲಿ, ಅಜ್ಜಿಯವರು ಇದ್ದಾರೆಯೇ ಎಂದು ವಿಚಾರಿಸಿದೆ.

ವಾರದೊಳಗೆ ಉತ್ತರ ಬಂದಿತು. ಅಜ್ಜಿ ತೀರಿಕೊಂಡು 30 ವರ್ಷಗಳಾದುವಂತೆ. ಮಿಕ್ಕ ಕಾಗದವೆಲ್ಲ ಪ್ರಶ್ನೆಗಳು, ಸಂಖ್ಯೆ ಹಾಕಿ ಬರೆದವು, ಒಟ್ಟು ಏಳು. ಮೊಮ್ಮಗಳು ಬೇಸಗೆಯ ರಜೆಗೆ ಬಂದಾಗ ಅದನ್ನು ಓದಿ, "ಏಳಕ್ಕೂ ಉತ್ತರ ಬರೆದಿರಾ ತಾತಾ?" ಎಂದಳು.

ಮೂರಕ್ಕೆ ಬರೆದಿದ್ದೇನೆ. ಉಳಿದ ನಾಲ್ಕನ್ನು ಆ ಹಳೆಯ ಟಿಪ್ಪಣಿ ಪುಸ್ತಕದಲ್ಲಿ, ಕೆಂಪು ಗೆರೆಗಳಿರುವ ಪುಟದ ಎದುರಿಗೆ, ಗೆರೆಯಿಲ್ಲದೆ ಬರೆದಿಟ್ಟಿದ್ದೇನೆ.